ಮಧ್ಯಾಹ್ನ ಮೂರು ಗಂಟೆಯ ಬಿಸಿ

ಹೆದರಿದಾಗ ದೇವರಿಗೆ ಹರಕೆ ಹೇಳಿಕೊಳ್ಳುವವರು ಒಂದು ಜಾತಿ. ಹೆದರಿದಾಗ ಸ್ಕೇಲು, ಪೆನ್ಸಿಲ್ ತೆಗೆದುಕೊಂಡು ಗೆರೆ ಎಳೆಯುವವರು ಇನ್ನೊಂದು ಜಾತಿ. ನಾನು ಎರಡನೆಯ ಜಾತಿಯವಳು. ಹತ್ತನೆಯ ತರಗತಿಯ ಪರೀಕ್ಷೆಗೆ ಓದಿದ್ದಕ್ಕಿಂತ ಓದುವ ವೇಳಾಪಟ್ಟಿ ಬರೆದದ್ದೇ ಹೆಚ್ಚು. ಪಟ್ಟಿಗೆ ಮೂರು ಬಣ್ಣದ ಶಾಯಿ ಬಳಸಿದ್ದೆ, ಗಣಿತಕ್ಕೆ ಕೆಂಪು. ಆ ಕೆಂಪು ನೋಡಿಯೇ ಹೆದರಿಕೆ ಹೆಚ್ಚಾಗಿ ಗಣಿತ ಓದಲಿಲ್ಲ. ನನ್ನ ಗಂಡ ಪ್ರಸನ್ನ ಹೆಣ್ಣು ನೋಡಲು ಬಂದ ದಿನ ಇಪ್ಪತ್ತೆರಡು ನಿಮಿಷ ತಡವಾಗಿ ಬಂದಿದ್ದ. ಅದನ್ನು ಬರೆದಿಟ್ಟುಕೊಂಡಿದ್ದೆ. ಮದುವೆಯಾಗಿ ಆರು ವರ್ಷವಾದರೂ ಜಗಳ ಬಂದಾಗಲೆಲ್ಲ ಆ ಪುಟ ತೆಗೆದು ತೋರಿಸುವ ಸೌಕರ್ಯ ನನಗಿದೆ. ಅಂಕಿ ಬರೆದರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ನಾನೇನೂ ಹೇಳುವುದಿಲ್ಲ. ಬರೆಯುವಷ್ಟು ಹೊತ್ತು ಕೈ ನಡುಗುವುದಿಲ್ಲ, ಅಷ್ಟೇ.

ಇಂಥವಳಿಗೆ ಸರಿಯಾದ ಕೆಲಸವೇ ಸಿಕ್ಕಿತು. ನಾನು ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಕಿಟಕಿಯ ಹಿಂದೆ ಕೂತು, ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆಯುವುದು, ಮೈಕಿನಲ್ಲಿ ಕೂಗುವುದು. ಶಿರಸಿ ಗಾಡಿ ತಡವಾದರೆ ಎಲ್ಲರೂ ನನ್ನನ್ನೇ ಬೈಯುತ್ತಾರೆ, ನಾನೇ ಅದನ್ನು ದಾರಿಯಲ್ಲಿ ಹಿಡಿದು ನಿಲ್ಲಿಸಿದವಳಂತೆ. ಬೈಸಿಕೊಳ್ಳುತ್ತಲೇ ಬರೆಯುತ್ತಿರುತ್ತೇನೆ. ಒಂದು ಗಾಡಿ ಬಂದಿಲ್ಲವೆಂದರೆ ಅದು ಎಲ್ಲೋ ಇದೆ, ಬರುತ್ತಿದೆ ಎಂದು ನಂಬುವುದು ನಮ್ಮ ಕೆಲಸದ ಮೊದಲ ಪಾಠ.

ಮೂವತ್ತೆರಡನೆಯ ವಯಸ್ಸಿನಲ್ಲಿ, ಸ್ನಾನ ಮಾಡುವಾಗ, ಎಡ ಎದೆಯಲ್ಲಿ ಅಡಿಕೆಯಷ್ಟು ಗಾತ್ರದ ಗಂಟೊಂದು ಕೈಗೆ ತಾಗಿತು. ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಕ್ಯಾನ್ಸರ್ ಎಂದರು. ಎಡಭಾಗ ಪೂರ್ತಿ ತೆಗೆಯಬೇಕು ಎಂದರು. ಹುಬ್ಬಳ್ಳಿಯ ಆಸ್ಪತ್ರೆಯ ಡಾಕ್ಟರಮ್ಮ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು: ತೆಗೆದ ಜಾಗಕ್ಕೆ ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬನ್ನು ರಕ್ತನಾಳ ಸಮೇತ ಎತ್ತಿ ತಂದು ಕೂರಿಸುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ಸಣ್ಣ ದಾರದಲ್ಲಿ, ಆ ನಾಳಗಳನ್ನು ಎದೆಯ ನಾಳಗಳಿಗೆ ಹೊಲಿಯುತ್ತಾರೆ. ಹೊಟ್ಟೆಯನ್ನು ಬಿಗಿದು ಮುಚ್ಚುತ್ತಾರೆ. “ನಿಮ್ಮ ಹೊಟ್ಟ್ಯಾಗ ಸಾಕಷ್ಟು ಐತಿ, ಚಿಂತಿಲ್ಲ,” ಎಂದು ಡಾಕ್ಟರಮ್ಮ ಹಿಡಿದು ನೋಡಿ ಹೇಳಿದರು. ಹೊಟ್ಟೆ ಕರಗಿಸಬೇಕೆಂದು ನಾನು ಬರೆದ ವೇಳಾಪಟ್ಟಿಗಳೆಲ್ಲ ನೆನಪಾದವು. ಒಂದನ್ನೂ ಪಾಲಿಸದೇ ಇದ್ದದ್ದು ನನ್ನ ಜೀವನದ ದೊಡ್ಡ ದೂರದೃಷ್ಟಿ ಎಂದು ಪ್ರಸನ್ನ ಹೇಳಿದ. ಹೇಳಿ, ಹೊರಗೆ ಹೋಗಿ, ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡು ಬಂದಿದ್ದ.

ಆಪರೇಷನ್ನಿಗೆ ಒಂಬತ್ತು ಗಂಟೆ ಹಿಡಿಯಿತಂತೆ. ನನಗೆ ಎಚ್ಚರವಾದಾಗ ಒಬ್ಬಳು ನರ್ಸು ಎದೆಯ ಮೇಲೆ ಬಾಗಿ ನಿಂತಿದ್ದಳು. ಕೈಯ ಹಿಂಭಾಗದಿಂದ ಮುಟ್ಟಿ ನೋಡಿದಳು, ಬೆರಳಿನಿಂದ ಒತ್ತಿ ಬಿಟ್ಟಳು, ಗಡಿಯಾರ ನೋಡಿದಳು, ಹಾಳೆಯಲ್ಲಿ ಬರೆದಳು. ಒಂದು ಗಂಟೆ ಬಿಟ್ಟು ಮತ್ತೆ ಬಂದಳು. ಮುಟ್ಟಿದಳು, ಒತ್ತಿದಳು, ಬರೆದಳು. ನನಗೆ ಆ ಮಂಪರಿನಲ್ಲೂ ಏನೋ ಒಂದು ಬಗೆಯ ನೆಮ್ಮದಿ. ನನ್ನಂಥವಳೇ ಒಬ್ಬಳು ನನ್ನನ್ನು ನೋಡಿಕೊಳ್ಳುತ್ತಿದ್ದಾಳಲ್ಲ! “ಏನು ನೋಡ್ತೀರಿ ಸಿಸ್ಟರ್?” ಎಂದೆ. “ಬಣ್ಣ, ಬಿಸಿ, ರಕ್ತ,” ಎಂದಳು. “ಬಣ್ಣ ಗುಲಾಬಿ ಇರಬೇಕ್ರಿ. ಮುಟ್ಟಿದ್ರ ಬೆಚ್ಚಗಿರಬೇಕ್ರಿ. ಒತ್ತಿ ಬಿಟ್ರ ಎರಡು-ಮೂರು ಸೆಕೆಂಡಿನ್ಯಾಗ ಬಣ್ಣ ಹೊಳ್ಳಿ ಬರಬೇಕ್ರಿ. ತಣ್ಣಗಾತು, ನೀಲಿ ಆತು ಅಂದ್ರ ಓಡಿ ಹೋಗಿ ಡಾಕ್ಟರ್ ಕರೀತೀವ್ರಿ.” ಪಕ್ಕದಲ್ಲಿ ಕುಡಿಯಲು ನೀರು ಹಿಡಿದು ಕೂತಿದ್ದ ನನ್ನ ಅತ್ತೆ, ಅಂದರೆ ಪ್ರಸನ್ನನ ತಾಯಿ, ಇದನ್ನು ಕೇಳಿಸಿಕೊಂಡರು. ಕೇಳಿಸಿಕೊಂಡದ್ದನ್ನು ನಾನು ಗಮನಿಸಲಿಲ್ಲ. ನನ್ನ ಗಮನವೆಲ್ಲ ಆ ಹಾಳೆಯ ಮೇಲಿತ್ತು.

ಎಂಟನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರಮ್ಮ, “ಇನ್ನ ಅಪಾಯದ ದಿನ ಮುಗಿದಂಗ. ಬೆಳಿಗ್ಗೊಮ್ಮೆ ಸಂಜೆಗೊಮ್ಮೆ ನೋಡಿಕೊಂಡ್ರ ಸಾಕು,” ಎಂದರು. “ಮುಗಿದಂಗ” ಎಂದರೇ ಹೊರತು “ಮುಗೀತು” ಎನ್ನಲಿಲ್ಲ. ದಾರಿಯುದ್ದಕ್ಕೂ ನಾನು ಆ ಒಂದು ಮಾತನ್ನೇ ಜಗಿಯುತ್ತ ಬಂದೆ. ಪ್ರಸನ್ನನಿಗೆ ತಹಶೀಲ್ದಾರ್ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇದೆ. ಅವನಿಂದ ಒಂದು ನಮೂನೆ ಟೈಪು ಮಾಡಿಸಿದೆ: ಹೊತ್ತು, ಬಣ್ಣ, ಬಿಸಿ, ಸೆಕೆಂಡು, ಷರಾ. ಹತ್ತು ಪ್ರತಿ ಸಾಕು ಎಂದಿದ್ದೆ. ಅವನು ಅಭ್ಯಾಸಬಲದಿಂದ ನೂರು ಹಾಕಿ ತಂದ. ಆ ಕಟ್ಟು ನೋಡಿ ನನಗೆ ಹೊಸ ಹೆದರಿಕೆ ಶುರುವಾಯಿತು. ನೂರು ಹಾಳೆ ತುಂಬುವವರೆಗೆ ಹೊಸದಾಗಿ ಕೂರಿಸಿದ ಈ ಭಾಗ ಬದುಕಿರಬೇಕಲ್ಲ? ನಡುವೆಯೇ ಸತ್ತರೆ ಉಳಿದ ಹಾಳೆಗಳನ್ನು ಏನು ಮಾಡುವುದು? ಹಿಂಬದಿಯಲ್ಲಿ ಕಿರಾಣಿ ಪಟ್ಟಿ ಬರೆಯಬಹುದೇನೋ. ಆದರೆ ಆಗ ಕಿರಾಣಿಯ ಮೇಲೆ ಯಾರಿಗೆ ಮನಸ್ಸು?

ಒಂದು ವಿಷಯ ಇಲ್ಲಿ ಹೇಳಿಬಿಡಬೇಕು. ಆ ಹೊಸ ಭಾಗಕ್ಕೆ ರಕ್ತ ಬರುತ್ತದೆ, ಸ್ಪರ್ಶ ಬರುವುದಿಲ್ಲ. ನರಗಳು ಕತ್ತರಿಸಿ ಹೋಗಿರುತ್ತವೆ. ಮುಟ್ಟಿದರೆ ನನ್ನ ಕೈಗೆ ಎದೆ ಗೊತ್ತಾಗುತ್ತದೆ, ಎದೆಗೆ ನನ್ನ ಕೈ ಗೊತ್ತಾಗುವುದಿಲ್ಲ. ಮಲಗಿದ ಬೇರೆ ಯಾರನ್ನೋ ಮುಟ್ಟಿದಂತೆ. ನನ್ನದೇ ಮೈಯ ಒಂದು ತುಂಡು ಕ್ಷೇಮವಾಗಿದೆಯೋ ಇಲ್ಲವೋ ಎಂದು ನನಗೆ ಒಳಗಿನಿಂದ ತಿಳಿಯುವ ದಾರಿಯೇ ಇಲ್ಲ. ಹೊರಗಿನಿಂದ ನೋಡಿಯೇ ತಿಳಿಯಬೇಕು. ಹಾಗಾಗಿ ನೋಡಿದೆ. ದಿನಕ್ಕೆ ಎರಡು ಸಲ ಎಂದಿದ್ದರು. ಹನ್ನೊಂದನೆಯ ದಿನದ ಹಾಳೆಯ ಪ್ರಕಾರ ಹದಿನೇಳು ಸಲ. ಕ್ಯಾನ್ಸರಿನ ದೊಡ್ಡ ಹೆದರಿಕೆ ಇನ್ನೂ ಒಳಗೆ ಕೂತೇ ಇತ್ತು. ಅಕ್ಕಪಕ್ಕದ ಗ್ರಂಥಿಗಳಿಗೆ ಹರಡಿಲ್ಲ ಎಂದು ವರದಿ ಬಂದಿದ್ದರೂ ಅದು ಏಳಲೊಲ್ಲದು. ಆದರೆ ಆ ದೊಡ್ಡದನ್ನು ನೋಡಿಕೊಳ್ಳಲು ಡಾಕ್ಟರುಗಳಿದ್ದರು, ಮಾತ್ರೆಗಳಿದ್ದವು. ನನ್ನ ಕೈಗೆ ಬಿಟ್ಟದ್ದು ಇದೊಂದನ್ನೇ. ಇದು ನಾನು ನೋಡದ ಹೊತ್ತಿನಲ್ಲಿ ಸತ್ತುಹೋದರೆ? ಹೊಟ್ಟೆಯೂ ಹೋಗಿ ಎದೆಯೂ ಹೋದರೆ? ಎರಡನೆಯ ಸಲ ತೆಗೆಯಲು ಹೊಟ್ಟೆಯಲ್ಲಿ ಏನೂ ಉಳಿದಿಲ್ಲ.

ಅತ್ತೆ ನಂದೊಳ್ಳಿಯಿಂದ ಬಂದು ನಮ್ಮ ಬಾಡಿಗೆ ಮನೆಯಲ್ಲಿ ಬೀಡುಬಿಟ್ಟಿದ್ದರು. ತಮ್ಮ ಜೀವಮಾನದಲ್ಲಿ ಹನ್ನೊಂದು ಬಾಣಂತನ ಮಾಡಿದವರು. ಹೆಣ್ಣುಮಕ್ಕಳು, ನಾದಿನಿಯರು, ತಂಗಿಯಂದಿರು ಎಲ್ಲ ಸೇರಿ. ಹೆಂಗಸು ಹಾಸಿಗೆ ಹಿಡಿಯುವುದೆಂದರೆ ಅವರಿಗೆ ಗೊತ್ತಿರುವುದು ಒಂದೇ ಬಗೆ, ಅದಕ್ಕೆ ಶುಶ್ರೂಷೆಯೂ ಒಂದೇ ಬಗೆ. ಬಿಸಿನೀರು, ಬಿಸಿ ಅನ್ನ, ಬಿಸಿ ಕಷಾಯ, ಶಾಖ. ತಂಪು ಎಂಬುದೇ ಮನೆಯೊಳಗೆ ಬರಕೂಡದು. ನನ್ನ ಹೊಟ್ಟೆಗೆ ಕಟ್ಟಿದ್ದ ಅಗಲ ಪಟ್ಟಿ ನೋಡಿ ಅವರಿಗೆ ಆಸ್ಪತ್ರೆಯವರ ಮೇಲೆ ಗೌರವ ಹುಟ್ಟಿತು. “ಅಡ್ಡಿಲ್ಲೆ, ಇವ್ಕೂ ಹೊಟ್ಟೆ ಕಟ್ಟದು ಗೊತ್ತಿದ್ದು,” ಎಂದರು. ತಿಂಗಳೊಪ್ಪತ್ತು ಚಹಾ ಕಾಫಿ ಕುಡಿಯಬಾರದು, ಅದರಿಂದ ರಕ್ತನಾಳ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಕೇಳಿದ ಮೇಲಂತೂ, “ಬಾಣಂತಿಗೆ ಚಾ ಕೊಡಡಿ ಹೇಳಿ ಆನು ನಲ್ವತ್ತು ವರ್ಷದಿಂದ ಹೇಳ್ತಾ ಇದ್ದೆ, ಯಾರು ಕೇಳ್ತ?” ಎಂದು ವಿಜಯದ ನಗೆ ನಕ್ಕರು.

ಈಗ ನನ್ನ ತಪ್ಪೊಪ್ಪಿಗೆ. ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಇಪ್ಪತ್ತೊಂದು ಸೂಚನೆಗಳ ಹಾಳೆ ಕೊಟ್ಟಿದ್ದರು. ನಾನು ಕೂತು ಅದನ್ನೆಲ್ಲ ಕನ್ನಡಕ್ಕೆ ಇಳಿಸಿ, ಸಂಖ್ಯೆ ಹಾಕಿ, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳಿದೆ. ಬಗ್ಗಿಯೇ ನಡೆಯಬೇಕು, ಕೊಡಪಾನ ಎತ್ತಬಾರದು, ಮಂಡಿಯ ಕೆಳಗೆ ದಿಂಬಿಟ್ಟು ಮಲಗಬೇಕು, ಹೀಗೆ ಹೊಟ್ಟೆಗೆ ಸಂಬಂಧಿಸಿದ ಹದಿನಾಲ್ಕು ಸೂಚನೆ ಓದುವವರೆಗೆ ನನ್ನ ದನಿ ಮೈಕಿನಲ್ಲಿ ಕೂಗುವಷ್ಟೇ ಸ್ಪಷ್ಟವಾಗಿತ್ತು. ಹದಿನೈದರಿಂದ ಎದೆಯದು. ಹದಿನೈದಕ್ಕೆ ಬಂದು ನಿಂತೆ. ಬಸ್‌ಸ್ಟ್ಯಾಂಡಿನಲ್ಲಿ ಮುನ್ನೂರು ಜನಕ್ಕೆ ಕೇಳುವಂತೆ ಕೂಗುವವಳಿಗೆ ಗಂಡನ ತಾಯಿಯ ಎದುರು ಒಂದು ಶಬ್ದ ಬಾಯಿಂದ ಹೊರಡಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅದನ್ನು ಹೆಸರು ಹಿಡಿದು ಹೇಳುತ್ತಿರಲಿಲ್ಲ. “ಅದು” ಎನ್ನುತ್ತಿದ್ದೆವು, ಇಲ್ಲವೇ “ಆ ಬದಿ” ಎನ್ನುತ್ತಿದ್ದೆವು. “ಉಳಿದದ್ದೆಲ್ಲ ನನಗೆ ಗೊತ್ತು ಬಿಡಿ ಅತ್ತೆ,” ಎಂದು ಹಾಳೆ ಮಡಚಿ ಹಾಸಿಗೆಯ ಕೆಳಗಿಟ್ಟೆ. ಅದರಲ್ಲಿ ಹದಿನೇಳನೆಯದು ಹೀಗಿತ್ತು: ಆ ಭಾಗಕ್ಕೆ ಸ್ಪರ್ಶಜ್ಞಾನ ಇರುವುದಿಲ್ಲವಾದ್ದರಿಂದ ಯಾವ ಕಾರಣಕ್ಕೂ ಶಾಖ ಕೊಡಬಾರದು.

ಊರಿಗೆಲ್ಲ ನಾವು “ಹೊಟ್ಟೆ ಆಪರೇಷನ್” ಎಂದೇ ಹೇಳಿದ್ದೆವು. ಸುಳ್ಳೂ ಅಲ್ಲ, ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಹೊಲಿಗೆ ಇತ್ತು. ನಾನು ಅಂಗಳದಲ್ಲಿ ಬಿದ್ದ ಸೂಜಿ ಹುಡುಕುವವಳಂತೆ ಬಗ್ಗಿ ನಡೆಯುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಬಂದವರು ಎಳನೀರು, ಬಿಸ್ಕತ್ತಿನ ಜೊತೆಗೆ ತಮ್ಮ ತಮ್ಮ ಹೊಟ್ಟೆಯ ಕಥೆಗಳನ್ನೂ ತಂದರು. ಹದಿನೈದನೆಯ ದಿನದವರೆಗೆ ಬಂದವರು ಮೂವತ್ತೊಂದು ಜನ. ಅವರಲ್ಲಿ ಪಿತ್ತಕೋಶದ ಕಲ್ಲಿನವರು ನಾಲ್ಕು, ಗರ್ಭಕೋಶದವರು ಆರು, ಅಪೆಂಡಿಕ್ಸಿನವರು ಇಬ್ಬರು, ಬರೀ ಗ್ಯಾಸಿನವರು ಲೆಕ್ಕವಿಲ್ಲ. ನಮ್ಮ ಡ್ರೈವರ್ ಬಸವರಾಜಣ್ಣ, ಕಲಘಟಗಿ ಕಡೆಯವರು, ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಬಾಗಿಲ ಹತ್ತಿರ ಕೂತರು. “ಮೇಡಂ, ನೀವಿಲ್ದ ಸ್ಟ್ಯಾಂಡು ಭಣಭಣ ಅಂತೈತ್ರಿ. ನಿಮ್ಮ ಜಾಗಕ್ಕ ಬಂದಾರಲ್ರಿ ಆ ಸಾಹೇಬ್ರು, ಹತ್ತು ನಿಮಿಷ ಲೇಟ್ ಆದ್ರ ಬರಿಯೂದೇ ಇಲ್ರಿ. ನಮಗ ಲೇಟ್ ಮಾಡಾಕ ಮಜಾನೇ ಹೋಗೇತಿ,” ಎಂದರು. ನಾನು ನಕ್ಕುಬಿಟ್ಟೆ. ನಕ್ಕರೆ ಹೊಟ್ಟೆಯ ಹೊಲಿಗೆಯೆಲ್ಲ ಒಟ್ಟಿಗೆ ಎಳೆಯುತ್ತದೆ. “ನಗಸಬ್ಯಾಡ್ರಿ ಅಣ್ಣಾ,” ಎಂದು ದಿಂಬು ಅವುಚಿಕೊಂಡು ನಾನು ಅತ್ತುಬಿಟ್ಟೆ. ಅವರು ಗಾಬರಿಯಾಗಿ, “ತಪ್ಪಾತ್ರಿ, ಇನ್ನ ಮ್ಯಾಲ ಟೈಮಿಗೆ ಬರ್ತೀನ್ರಿ,” ಎಂದರು.

ಇಷ್ಟರ ನಡುವೆ ನನ್ನ ಹಾಳೆಗಳು ತುಂಬುತ್ತಿದ್ದವು. ಒಂದೊಂದು ಸಲ ನೋಡಿದಾಗಲೂ ನನಗೆ ಅರಿವಿಲ್ಲದೆ ಗಟ್ಟಿಯಾಗಿ, “ಬೆಚ್ಚಗಿದೆ!” ಎಂದು ಬಾಯಿಂದ ಬರುತ್ತಿತ್ತಂತೆ. ಅಡುಗೆಮನೆಯಿಂದ ಅತ್ತೆ, “ಇದ್ದಾ? ಸೈ,” ಎನ್ನುತ್ತಿದ್ದರು. ಹದಿನಾರನೆಯ ದಿನ ಬೆಳಿಗ್ಗೆ ಫ್ಯಾನಿನ ಕೆಳಗೆ ಮಲಗಿ ಎದ್ದವಳು ಮುಟ್ಟಿ ನೋಡಿ, “ಅಯ್ಯೋ, ಸ್ವಲ್ಪ ತಣ್ಣಗಿದೆ,” ಎಂದು ಕೂಗಿಕೊಂಡೆ. ಪ್ರಸನ್ನ ಅರ್ಧ ಗಡ್ಡ ಬೋಳಿಸಿಕೊಂಡು ಓಡಿಬಂದ. ಮತ್ತೊಂದು ಬದಿಯೂ ಅಷ್ಟೇ ತಣ್ಣಗಿತ್ತು, ನನ್ನ ಮೂಗೂ ತಣ್ಣಗಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಬೆಚ್ಚಗಾಯಿತು. ಆದರೆ ಆ ಹತ್ತು ನಿಮಿಷ ನಾವು ಮೂವರೂ ಉಸಿರಾಡಿದ್ದು ಹಾಳೆಯಲ್ಲಿ ದಾಖಲಾಗಿಲ್ಲ.

ಆಶ್ಚರ್ಯವೆಂದರೆ, ಅದರ ಮರುದಿನದಿಂದ ಪರಿಸ್ಥಿತಿ ಒಳ್ಳೆಯದಾಗತೊಡಗಿತು. ಮಧ್ಯಾಹ್ನ ಊಟ ಮಾಡಿ ಆರಾಮ ಕುರ್ಚಿಯಲ್ಲಿ ಒರಗಿ ನಿದ್ದೆ ಮಾಡಿ ಮೂರಕ್ಕೆ ಎದ್ದು ನೋಡಿದರೆ, ಬಿಸಿ: ಉತ್ತಮ. ಬಣ್ಣ: ಗುಲಾಬಿ, ತುಸು ಹೆಚ್ಚೇ. ಹದಿನೆಂಟನೆಯ ದಿನ ಮೂರು ಗಂಟೆಗೆ: ಅತ್ಯುತ್ತಮ. ಹತ್ತೊಂಬತ್ತನೆಯ ದಿನ “ಬಹಳ ಬೆಚ್ಚಗೆ” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಷರಾದಲ್ಲಿ, “ಊಟದ ನಂತರ ರಕ್ತಸಂಚಾರ ಚುರುಕಾಗುವಂತೆ ತೋರುತ್ತದೆ. ಡಾಕ್ಟರರ ಗಮನಕ್ಕೆ ತರುವುದು,” ಎಂದು ಸೇರಿಸಿದೆ. ಯಾರೂ ಇದುವರೆಗೆ ಕಂಡುಹಿಡಿಯದ ಸಂಗತಿಯೊಂದು ಯಲ್ಲಾಪುರದ ಆರಾಮ ಕುರ್ಚಿಯಲ್ಲಿ ಸಿಕ್ಕಿತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಅಂದಿನಿಂದ ಊಟಕ್ಕೆ ಇನ್ನೊಂದು ಸೌಟು ಅನ್ನ ಹೆಚ್ಚು ಹಾಕಿಸಿಕೊಂಡೆ.

ಇಪ್ಪತ್ತನೆಯ ದಿನ ಬೆಳಿಗ್ಗೆ ಕನ್ನಡಿಯ ಎದುರು ನಿಂತಾಗ, ಆ ಬದಿಯ ಮೇಲ್ಭಾಗದಲ್ಲಿ ಕೆಂಪಾದ ಒಂದು ಪಟ್ಟಿ, ಅದರ ನಡುವೆ ದೋಸೆಯ ಮೇಲೆ ಏಳುವಂಥ ಒಂದು ಗುಳ್ಳೆ. ಹೆಬ್ಬೆರಳಿನಷ್ಟು. ಮುಟ್ಟಿದೆ. ನೋವಿಲ್ಲ. ನೋವಿದ್ದರೆ ಎಷ್ಟೋ ಚೆನ್ನಾಗಿತ್ತು. ಸಾಯುತ್ತಿದೆ, ಎಂದುಕೊಂಡೆ. ಸಾಯುವುದು ಹೀಗೇ ಶುರುವಾಗುತ್ತದೆ. ಹಾಳೆಯಲ್ಲಿ “ಬಣ್ಣ” ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ನಿಂತಿದ್ದೆ. ಮೊದಲ ಸಲ ಬರೆಯುವಾಗಲೂ ಕೈ ನಡುಗಿತು. ಪ್ರಸನ್ನ ಡಾಕ್ಟರಿಗೆ ಫೋನು ಮಾಡಿದ. “ಫೋಟೋ ಬ್ಯಾಡ, ಕರಕೊಂಡು ಬರ್ರಿ,” ಎಂದರಂತೆ. “ಬರ್ರಿ” ಎಂದ ದನಿ ಹೇಗಿತ್ತು, ಅವಸರದಲ್ಲಿತ್ತೋ, ನಿಧಾನವಾಗಿತ್ತೋ ಎಂದು ನಾನು ಅವನನ್ನು ನಾಲ್ಕು ಸಲ ಕೇಳಿದೆ. ಅವನು ನಾಲ್ಕು ಸಲವೂ ಬೇರೆ ಬೇರೆ ಥರ ಹೇಳಿ ತೋರಿಸಿದ.

ಅತ್ತೆ ಗುಳ್ಳೆ ನೋಡಿದವರೇ ಸೀರೆ ಬದಲಿಸಿ, “ಆನೂ ಬತ್ತೆ,” ಎಂದು ಕಾರಿನಲ್ಲಿ ಬಂದು ಕೂತರು. ಬೇಡವೆಂದರೆ ಕೇಳಲಿಲ್ಲ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಎಷ್ಟು ಹಂಪುಗಳಿವೆ ಎಂದು ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತಾಗುವುದಿಲ್ಲ. ಹೊಟ್ಟೆಯ ಮೇಲೆ ದಿಂಬು ಅವುಚಿಕೊಂಡು ಕೂತವರಿಗೆ ಗೊತ್ತಾಗುತ್ತದೆ. ಕಿರವತ್ತಿ ದಾಟುವಷ್ಟರಲ್ಲಿ ಹದಿನೆಂಟು ಎಣಿಸಿದ್ದೆ. ಆಮೇಲೆ ಎಣಿಸುವುದನ್ನು ಬಿಟ್ಟೆ. ನಾನು ಎಣಿಸುವುದು ಬಿಟ್ಟದ್ದನ್ನು ನೋಡಿ ಪ್ರಸನ್ನನಿಗೆ ನಿಜವಾಗಿ ಹೆದರಿಕೆಯಾಯಿತಂತೆ. “ಎಣಿಸೇ, ಸುಮ್ನೆ ಕೂರಡ,” ಎಂದ. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ದಾರಿಯಲ್ಲಿ ಸಿಕ್ಕ ದೇವರಿಗೆಲ್ಲ ಕೈಮುಗಿಯುವ ಹೆಂಗಸು ಅಂದು ಒಂದು ಗುಡಿಗೂ ಕೈ ಎತ್ತಲಿಲ್ಲ.

ಡಾಕ್ಟರಮ್ಮ ಗುಳ್ಳೆ ನೋಡಿ ಹುಬ್ಬು ಗಂಟಿಕ್ಕಿದರು. “ಶಾಖ ಏನರ ಕೊಟ್ಟೀರೇನು?”

“ಇಲ್ಲವೇ ಇಲ್ಲ ಡಾಕ್ಟರ್,” ಎಂದೆ. “ಹದಿನೇಳನೆಯ ಸೂಚನೆ ನನಗೆ ಬಾಯಿಪಾಠ. ಬೇಕಾದರೆ ನೋಡಿ,” ಎಂದು ಸಾಕ್ಷಿಗಾಗಿ ಹಾಳೆಗಳ ಕಟ್ಟನ್ನೇ ಅವರ ಮುಂದಿಟ್ಟೆ. ಅವರು ಒಂದೊಂದಾಗಿ ತಿರುವಿದರು. ಮೊದಲು ಅವರ ತುಟಿಯಲ್ಲಿ ನಗು ಬಂತು, ಆಮೇಲೆ ಹೋಯಿತು. ಬೆರಳು ಒಂದು ಕಡೆ ನಿಂತಿತು.

“ಮಧ್ಯಾಹ್ನ ಮೂರು ಗಂಟೆಗೆ ದಿನಾ ಬಿಸಿ ಜಾಸ್ತಿ ಅಂತ ಬರದೀರಲ್ಲ. ಮೂರು ಗಂಟೆಕ್ಕಿಂತ ಮೊದಲ ಏನ್ ಮಾಡ್ತೀರಿ?”

“ಊಟ ಡಾಕ್ಟರ್. ಊಟದ ನಂತರ ರಕ್ತಸಂಚಾರ…”

“ಆನು,” ಎಂದರು ಅತ್ತೆ.

ಎಲ್ಲರೂ ತಿರುಗಿ ನೋಡಿದೆವು. ಬಾಗಿಲ ಹತ್ತಿರ ನಿಂತಿದ್ದ ಅತ್ತೆಯ ಮುಖ ಬಿಳಿಚಿತ್ತು. “ಆನೇ ಶಾಖ ಕೊಟ್ಟಿದ್ದು ಡಾಕ್ಟ್ರೇ. ಈ ಕೂಸು ಒರಗಿದಾಗ ಬಿಸಿನೀರಿನ ಚೀಲ ಟವೆಲಿನಲ್ಲಿ ಸುತ್ತಿ ಆ ಬದಿಗೆ ಇಡ್ತಿದ್ದೆ. ಮೂರು ಗಂಟೆಗೆ ಅದು ಎದ್ದು ನೋಡ್ತು ಹೇಳಿ ಅದ್ರ ಒಳಗೇ ತೆಗೀತಿದ್ದೆ.”

ಗುಳ್ಳೆಯ ಬಗೆಗಿನ ನನ್ನ ಎಲ್ಲ ಹೆದರಿಕೆಯೂ ಒಂದು ಕ್ಷಣ ಸಿಟ್ಟಾಗಿ ತಿರುಗಿತು. ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರಮ್ಮನೇ ಕೇಳಿದರು, “ಯಾಕ ಕೊಟ್ರಿ ಅಮ್ಮಾ?”

“ಮತ್ತೆಂತ ಮಾಡದು? ತಣ್ಣಗಾದ್ರೆ ಹೋತು ಹೇಳಿ ನಿಮ್ಮ ನರ್ಸೇ ಹೇಳಿತ್ತು. ಇದು ದಿನಾ ಇಪ್ಪತ್ತು ಸಲ ಬೆಚ್ಚಗಿದ್ದಾ, ಬೆಚ್ಚಗಿದ್ದಾ ಹೇಳಿ ನೋಡ್ಕತ್ತಾ ಕೂತಿತ್ತು. ಮೊನ್ನೆ ತಣ್ಣಗಿದ್ದು ಹೇಳಿ ಕೂಗ್ತು. ಆ ಕೂಗು ಕೇಳಿ ಯನ್ನ ಜೀವವೇ ಹೋತು. ಬೆಚ್ಚಗಿರ್ಲಿ, ಅದ್ರ ಹೆದ್ರಿಕೆ ಹೋಗ್ಲಿ ಹೇಳಿ ಕೊಟ್ಟೆ. ಕೂಸಿಗೆ ಬಿಸಿ ಆದ್ರೆ ಎಚ್ಚರ ಆಗ್ತು, ಹೇಳ್ತು ಹೇಳಿ ತಿಳ್ಕಂಡಿದ್ದೆ. ಅದಕ್ಕೆ ಗೊತ್ತೇ ಆಗ್ತಿಲ್ಲೆ ಹೇಳಿ ಯಂಗೆ ಯಾರು ಹೇಳಿದ್ದ?”

ಯಾರು ಹೇಳಿದ್ದರು? ಹೇಳಬೇಕಾದವಳು ಹದಿನಾಲ್ಕರವರೆಗೆ ಓದಿ ಹಾಳೆ ಮಡಚಿದ್ದಳು. ನಾನು ತೆರೆದ ಬಾಯಿ ಮುಚ್ಚಿದೆ. ಡಾಕ್ಟರಮ್ಮ ಪೆನ್ನಿನಂಥ ಒಂದು ಯಂತ್ರಕ್ಕೆ ಜೆಲ್ಲು ಹಚ್ಚಿ ಎದೆಯ ಮೇಲಿಟ್ಟರು. ಮೊದಲು ಬರೀ ಗೊರಗೊರ. ಯಂತ್ರ ಸ್ವಲ್ಪ ಸರಿಯಿತು. ಗೊರಗೊರ. ನಾನು ಕಣ್ಣು ಮುಚ್ಚಿದೆ. ಆಗ ಬಂತು, ಹುಶ್, ಹುಶ್, ಹುಶ್ ಎಂದು, ಯಾರೋ ಒಳಗೆ ಕೂತು ಅಂಗಳ ಗುಡಿಸುತ್ತಿರುವಂತೆ.

“ಅದೆಂತ ಶಬ್ದ?” ಅತ್ತೆ ಪಿಸುಗುಟ್ಟಿದರು.

“ರಕ್ತ ಓಡೋ ಶಬ್ದ ಅಮ್ಮಾ. ಒಳಗ ಎಲ್ಲಾ ಸರಿ ಐತಿ. ಸುಟ್ಟಿದ್ದು ಮ್ಯಾಲಿನ ಚರ್ಮ ಅಷ್ಟ. ಮುಲಾಮು ಹಚ್ಚಿದ್ರ ಎರಡು-ಮೂರು ವಾರಕ್ಕ ಮಾಯ್ತೈತಿ. ಇನ್ನೂ ನಾಕು ದಿನ ಹಿಂಗ ಮಾಡಿದ್ರ ಏನಾಗ್ತಿತ್ತೋ ಹೇಳಾಕ ಬರೂದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಹಾಳೆಗಳ ಕಟ್ಟನ್ನು ತಮ್ಮ ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. “ಇವು ನನ್ನ ಕಡೆ ಇರ್ಲಿ. ಇನ್ನ ಮ್ಯಾಲ ನೀವು ನೋಡ್ಕೊಳ್ಳೂದು ಬ್ಯಾಡ. ದಿನಕ್ಕ ಎರಡು ಸಲ ಅಮ್ಮಾರು ನೋಡ್ತಾರ. ಅವ್ರು ಬರೆಯೂದಿಲ್ಲ, ಅದಕ್ಕ ಅವ್ರಿಗೆ ಕಾಣಸ್ತೈತಿ.”

ಮನೆಗೆ ಬಂದ ಮೇಲೆ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಿಸಿನೀರಿನ ಚೀಲವನ್ನು ಯಾರಿಗೂ ಹೇಳದೆ ಕಸದ ಗಾಡಿಗೆ ಹಾಕಿದ್ದರು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ನಾನು ಹಾಸಿಗೆಯ ಕೆಳಗಿನಿಂದ ಆ ಹಾಳೆ ತೆಗೆದು, ಅಡುಗೆಮನೆಗೆ ಬಗ್ಗಿಕೊಂಡೇ ಹೋಗಿ, ಮಣೆಯ ಮೇಲೆ ಕೂರಲಾಗದೆ ಬಾಗಿಲಿಗೆ ಒರಗಿ ನಿಂತು, ಹದಿನೈದರಿಂದ ಇಪ್ಪತ್ತೊಂದರವರೆಗೆ ಓದಿದೆ. ಬೆವರಿಳಿಯಿತು. ಎಲ್ಲ ಶಬ್ದಗಳನ್ನೂ ಅವುಗಳ ಹೆಸರು ಹಿಡಿದೇ ಓದಿದೆ. ಅತ್ತೆ ಬದನೆಕಾಯಿ ಹೆಚ್ಚುತ್ತ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದರು, “ಇಷ್ಟೇಯನೇ? ಇಷ್ಟು ಹೇಳೂಲೆ ನಿಂಗೆ ಎಂತ ಧಾಡಿ ಆಗಿತ್ತು? ಹನ್ನೊಂದು ಬಾಣಂತನ ಮಾಡಿದವಳ ಹತ್ರ ನಾಚ್ಕೆಯಡ ಇದಕ್ಕೆ!” ಆಮೇಲೆ ಹೆಚ್ಚಿದ ಬದನೆಕಾಯಿ ಬದಿಗೆ ಸರಿಸಿ, “ಇಲ್ಲಿ ಬಾ. ಬೆಳಕಿಗೆ ನಿಲ್ಲು. ಸರಿಯಾಗಿ ನೋಡ್ತೆ,” ಎಂದರು. ಕಿಟಕಿಯ ಬೆಳಕಿನಲ್ಲಿ ನಾನು ರವಿಕೆಯ ಗುಂಡಿ ಬಿಚ್ಚಿ ನಿಂತೆ. ಅವರು ಕೈ ಒರೆಸಿಕೊಂಡು, ಹೊಲಿಗೆಯ ಗುರುತನ್ನು, ಗುಳ್ಳೆಯನ್ನು, ಸುತ್ತಲಿನದನ್ನು ನಿಧಾನವಾಗಿ ನೋಡಿದರು. ಬೆರಳ ಹಿಂಭಾಗದಿಂದ ಮುಟ್ಟಿದರು. ಮುಟ್ಟಿದ್ದು ನನಗೆ ಗೊತ್ತಾಗಲಿಲ್ಲ, ಅವರ ಮುಖ ನೋಡಿ ಗೊತ್ತಾಯಿತು. “ಚೊಲೋ ಕೂರ್ಸಿದ್ದು ಮಾರಾಯ್ತಿ,” ಎಂದರು, ಹೊಸ ಬಾಗಿಲಿನ ಚೌಕಟ್ಟು ನೋಡಿ ಬಡಗಿಯನ್ನು ಹೊಗಳುವಂತೆ.

ಗುಳ್ಳೆ ಒಡೆಯಿತು, ಒಣಗಿತು, ಹಕ್ಕಳೆ ಕಟ್ಟಿತು, ಉದುರಿತು. ದಿನಕ್ಕೆ ಎರಡು ಸಲ ಅತ್ತೆಯ ತಪಾಸಣೆ. ಅವರ ವರದಿ ಒಂದೇ ಪದ: “ಅಡ್ಡಿಲ್ಲೆ.” ಇದರಿಂದ ನನ್ನ ಹೆದರಿಕೆ ಹೋಯಿತೆಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಬಚ್ಚಲಿನಲ್ಲಿ, ಬಾಗಿಲು ಹಾಕಿಕೊಂಡು, ನಾನು ಕದ್ದು ನೋಡಿಕೊಳ್ಳುತ್ತಿದ್ದೆ. ಖಾಲಿ ನಮೂನೆಗಳೂ ಸೇರಿ ಕಟ್ಟೆಲ್ಲ ಡಾಕ್ಟರಮ್ಮನ ಬಳಿಯೇ ಉಳಿದಿದ್ದರಿಂದ ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದೆ. ಏಳು, ಎಂಟು, ಕೆಲವು ದಿನ ಹನ್ನೆರಡು. ಸುಟ್ಟದ್ದು ಮಾಯುತ್ತಿದೆ ಎಂದು ಕಣ್ಣಿಗೆ ಕಂಡರೂ, ಇದು ಮಾಯುತ್ತಿರುವುದೋ ಅಥವಾ ಮಾಯುವಂತೆ ತೋರಿಸಿ ನನ್ನನ್ನು ಮೋಸಗೊಳಿಸುತ್ತಿರುವುದೋ ಎಂಬ ಸಂಶಯ. ಒಮ್ಮೆ ಮೋಸ ಹೋದವಳು ನಾನು. ನಾನು ಬಹಳ ಬೆಚ್ಚಗೆ ಎಂದು ಎರಡು ಗೆರೆ ಎಳೆದ ದಿನವೇ ಅದು ಸುಡುತ್ತಿತ್ತಲ್ಲ.

ಐವತ್ತೆರಡನೆಯ ದಿನ. ಬೇಸಿಗೆ ಏರಿತ್ತು. ಊರಿಗೆ ಹೋಗುವ ಮುಂಚೆ ಮಗನ ಮನೆಗೆ ಒಂದಿಷ್ಟು ಹಲಸಿನ ಹಪ್ಪಳ ಮಾಡಿಟ್ಟು ಹೋಗುವುದೆಂದು ಅತ್ತೆ ತೀರ್ಮಾನಿಸಿದ್ದರು. ಬೇಯಿಸಿ, ಕುಟ್ಟಿ, ಒತ್ತಿ, ತಾರಸಿಯ ಮೇಲೆ ಚಾಪೆ ಹಾಸಿ ಹರಡಿದರು. ಹನ್ನೆರಡು ಸಾಲು, ಸಾಲಿಗೆ ಹದಿನಾರು, ಒಟ್ಟು ನೂರಾ ತೊಂಬತ್ತೆರಡು. ಒತ್ತುವ ಕೆಲಸ ನನಗೆ ನಿಷಿದ್ಧ. ಆದ್ದರಿಂದ ಬಲಗೈಗೆ ಒಂದು ಕೋಲು ಕೊಟ್ಟು, ನೀರಿನ ಟ್ಯಾಂಕಿನ ನೆರಳಿನಲ್ಲಿ ಕುರ್ಚಿ ಹಾಕಿ, ಕಾಗೆ ಓಡಿಸುವ ಉದ್ಯೋಗಕ್ಕೆ ನೇಮಿಸಿದರು. ಒಂದು ಕಾಗೆ ಬಹಳ ಹಟಮಾರಿ. ಟ್ಯಾಂಕಿನ ಆ ಬದಿಗೆ ಅಡಗಿ ಕೂತು, ನಾನು ಆಕಳಿಸುವುದನ್ನೇ ಕಾಯುತ್ತಿತ್ತು. ನಾನು ಅತ್ತ ಹೋದರೆ ಇತ್ತ ಬರುತ್ತಿತ್ತು. ಅದು ಸೋತಿತು, ನಾನು ಗೆದ್ದೆ. ಮತ್ತೆ ಬಂತು. ನಡುವೆ ಅತ್ತೆ ಮೇಲೆ ಬಂದು, ಹಪ್ಪಳಕ್ಕೆ ಖಾರ ಕಡಿಮೆಯಾಗಿದೆ ಎಂದು ನಾನು ಹೇಳಿದ್ದಕ್ಕೆ ಸಿಟ್ಟಾಗಿ, “ಸಿದ್ದಾಪುರದವ್ಕೆ ಹಪ್ಪಳದ ರುಚಿ ಎಂತ ಗೊತ್ತಿದ್ದು?” ಎಂದು ನನ್ನ ತವರಿನವರನ್ನೆಲ್ಲ ಎಳೆದರು. ನಾನೂ ಬಿಡಲಿಲ್ಲ. ಒಳ್ಳೆಯ ಜಗಳವಾಯಿತು. ಅಲ್ಲೇ ಕೂತು ಊಟ ಮಾಡಿದೆ. ಬಿಸಿಲು ಟ್ಯಾಂಕಿನ ಈಚೆಗೆ ಬಂತು, ಕುರ್ಚಿ ಸರಿಸಿಕೊಂಡೆ. ಹಪ್ಪಳದ ಅಂಚು ಗರಿಗರಿಯಾಗಿ ಏಳತೊಡಗಿತು.

ಆಗ ಗಡಿಯಾರ ನೋಡಿದೆ. ನಾಲ್ಕೂವರೆ. ಬೆಳಿಗ್ಗೆ ಹತ್ತಕ್ಕೆ ಮೇಲೆ ಬಂದವಳು ಒಮ್ಮೆಯೂ ನೋಡಿಕೊಂಡಿಲ್ಲ. ನೋಡಿಕೊಳ್ಳಬೇಕು ಎಂದೂ ಅನಿಸಿಲ್ಲ. ಆರೂವರೆ ಗಂಟೆ ನಾನು ಹೆದರಿಯೇ ಇರಲಿಲ್ಲ! ನಾನು ಕಾವಲು ಬಿಟ್ಟ ಈ ಆರೂವರೆ ಗಂಟೆಯಲ್ಲೇ ಅದಕ್ಕೆ ಏನಾದರೂ ಆಗಿದ್ದರೆ? ಕೋಲು ಬಿಸಾಡಿ ಮೆಟ್ಟಿಲಿಳಿದು ಕೋಣೆಗೆ ಓಡಿ ಬಾಗಿಲು ಹಾಕಿಕೊಂಡೆ. ಕನ್ನಡಿಯಲ್ಲಿ ಅದು ನಿನ್ನೆ ಇದ್ದಂತೆಯೇ ಇತ್ತು. ಬೆಳಕಿಗೆ ಹಿಡಿದೆ, ಒತ್ತಿದೆ, ಎಣಿಸಿದೆ, ಇನ್ನೊಮ್ಮೆ ಒತ್ತಿದೆ. ಏನೂ ಆಗಿರಲಿಲ್ಲ. ನಾನಿಲ್ಲದೆಯೂ ಅದು ತನ್ನ ಪಾಡಿಗೆ ಬದುಕಿಕೊಂಡಿತ್ತು.

ತಾರಸಿಯಿಂದ ಅತ್ತೆಯ ಕೂಗು ಕೇಳಿತು. ಹತ್ತಿ ಹೋಗಿ ನೋಡಿದರೆ ಚಾಪೆಯ ಮೂಲೆಯ ಸಾಲು ಚೆಲ್ಲಾಪಿಲ್ಲಿ. ಆ ಹಟಮಾರಿ ಕಾಗೆ ತನ್ನ ಬಳಗವನ್ನೆಲ್ಲ ಕರೆದುಕೊಂಡು ಬಂದಿತ್ತು. “ಎಲ್ಲಿ ಹೋಗಿದ್ದೆ?” ಎಂದರು ಅತ್ತೆ. ನಾನು ರವಿಕೆಯ ಮೇಲಿನ ಗುಂಡಿ ಹಾಕಿಕೊಂಡೆ. ಅವರಿಗೆ ಅರ್ಥವಾಯಿತು. “ನಿನ್ನ ಎದೆ ಎಲ್ಲೂ ಹಾರಿ ಹೋಗ್ತಿತ್ತಿಲ್ಲೆ ಮಾರಾಯ್ತಿ. ಹಪ್ಪಳ ಹಾರಿ ಹೋತು, ನೋಡು!”

ಎಣಿಸಿದೆ. ನೂರಾ ಎಂಬತ್ತಮೂರು ಉಳಿದಿದ್ದವು. ಅಂದಿನ ದಿನಚರಿಯಲ್ಲಿ, “ಹಪ್ಪಳ ನಷ್ಟ: ಒಂಬತ್ತು. ಕಾರಣ: ಹೆದರಲು ಮರೆತದ್ದು,” ಎಂದು ಬರೆದೆ. ಬರೆದದ್ದನ್ನು ಇನ್ನೊಮ್ಮೆ ಓದಿದೆ. ಮರೆತಿದ್ದ ಆರೂವರೆ ಗಂಟೆಯಲ್ಲಿ ಒಂದು ಹಪ್ಪಳವೂ ಹೋಗಿರಲಿಲ್ಲವಲ್ಲ. ಸ್ಕೇಲು ಇಟ್ಟು ಕೊನೆಯ ಎರಡು ಪದಗಳನ್ನು ಹೊಡೆದುಹಾಕಿ, “ಹೆದರಿದ್ದು” ಎಂದು ತಿದ್ದಿದೆ.